ಕ್ರಿಯಾವೇಗವನ್ನು ಅಳೆದು ನೋಡುವುದು ಹೇಗೆ? ಪಿಯು ಪ್ರಯೋಗಶಾಲೆಗೊಂದು ಕೈಪಿಡಿ

ರಾಸಾಯನಿಕ ಕ್ರಿಯೆಯ ವೇಗವನ್ನು ಯಾವ ಯಾವ ಅಂಶಗಳು ಪ್ರಭಾವಿಸುತ್ತವೆ ಎಂದು ಕೇಳಿದರೆ, ಪ್ರತಿವರ್ತಕಗಳ ಸ್ವಭಾವ, ಸಾರತೆ, ತಾಪ, ಮೇಲ್ಮೈ ವಿಸ್ತೀರ್ಣ, ಕ್ರಿಯಾವರ್ಧಕ ಎಂದು ಹೈಸ್ಕೂಲಿನ ವಿದ್ಯಾರ್ಥಿಗಳೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಸಾರತೆಯನ್ನು ಅರ್ಧಕ್ಕೆ ಇಳಿಸಿದರೆ ವೇಗ ಎಷ್ಟಾಗುತ್ತದೆ, ತಾಪವನ್ನು ಹತ್ತು ಡಿಗ್ರಿ ಏರಿಸಿದರೆ ಎಷ್ಟು ಪಟ್ಟು ಹೆಚ್ಚುತ್ತದೆ, ಹಾಗೆ ಹೆಚ್ಚುವುದು ಏಕೆ ಎಂಬ ಮುಂದಿನ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಒಮ್ಮೆಯಾದರೂ ಕೈಯಲ್ಲಿ ಗಡಿಯಾರ ಹಿಡಿದು ಅಳೆದಿರಬೇಕು. ದ್ವಿತೀಯ ಪಿಯು ಮಟ್ಟದ ಸಾಮಾನ್ಯ ಪ್ರಯೋಗಶಾಲೆಯಲ್ಲಿ, ದುಬಾರಿ ಉಪಕರಣಗಳಿಲ್ಲದೆ, ಆ ಅಳತೆಗಳನ್ನು ನಂಬುವಂತೆ ಮಾಡುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಒಂದು ಸರಣಿಯಲ್ಲಿ ಒಂದೇ ಅಂಶವನ್ನು ಬದಲಿಸಬೇಕು, ಉಳಿದೆಲ್ಲವನ್ನೂ ಇದ್ದಲ್ಲಿಯೇ ಇಡಬೇಕು. ಹೇಳಲು ಸುಲಭವಾದ ಈ ಮಾತು ಮಾಡುವಾಗ ಕಷ್ಟವಾಗುತ್ತದೆ, ಏಕೆಂದರೆ ನಾವು ಬದಲಿಸಬೇಕೆಂದುಕೊಳ್ಳದ ಸಂಗತಿಗಳೂ ನಮಗೆ ತಿಳಿಯದಂತೆ ಬದಲಾಗುತ್ತಿರುತ್ತವೆ. ಪ್ರಯೋಗದಲ್ಲಿ ಬರುವ ಹೆಚ್ಚಿನ ಎಡವಟ್ಟುಗಳಿಗೆ ಮೂಲ ಇದೇ ಆಗಿರುವುದರಿಂದ, ಅಂಥ ಜಾಗಗಳನ್ನೆಲ್ಲ ಮುಂದೆ ಅಲ್ಲಲ್ಲಿಯೇ ತೋರಿಸಿದ್ದೇನೆ.

ಎರಡನೆಯದು, ಕ್ರಿಯೆಯನ್ನು ನಿಲ್ಲಿಸದೆ, ಕೆಡಿಸದೆ ಅದರ ನಡಿಗೆಯನ್ನು ಗಮನಿಸಲು ಒಂದು ಗುರುತು ಬೇಕು. ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ 1850ರಲ್ಲಿ ಆಮ್ಲದ ಸಮ್ಮುಖದಲ್ಲಿ ಸಕ್ಕರೆ ಒಡೆಯುವ ವೇಗವನ್ನು ಅಳೆದಾಗ, ದ್ರಾವಣವು ಧ್ರುವೀಕೃತ ಬೆಳಕನ್ನು ಎಷ್ಟು ಕೋನ ತಿರುಗಿಸುತ್ತದೆ ಎಂಬುದನ್ನೇ ಗುರುತಾಗಿ ಬಳಸಿಕೊಂಡರು. ಕ್ರಿಯಾವೇಗದ ಪರಿಮಾಣಾತ್ಮಕ ಅಧ್ಯಯನ ಆರಂಭವಾದದ್ದೇ ಆ ಕೆಲಸದಿಂದ. ನಮ್ಮ ಪ್ರಯೋಗದಲ್ಲಿ ಅದಕ್ಕಿಂತ ಸರಳವಾದ ಗುರುತೊಂದು ಸಾಕು: ಬಿಳಿ ಹಾಳೆಯ ಮೇಲೆ ಬರೆದ ಕಪ್ಪು ಗುಣಾಕಾರ ಚಿಹ್ನೆ ಕಣ್ಣಿಗೆ ಕಾಣದಾಗುವ ಕ್ಷಣ.

ಕ್ರಿಯೆ ಮತ್ತು ದ್ರಾವಣಗಳು

ಸೋಡಿಯಂ ಥಯೋಸಲ್ಫೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದಾಗ ಸೋಡಿಯಂ ಕ್ಲೋರೈಡ್, ನೀರು, ಸಲ್ಫರ್ ಡೈಆಕ್ಸೈಡ್ ಮತ್ತು ಗಂಧಕ ಉಂಟಾಗುತ್ತವೆ. ಗಂಧಕ ನೀರಿನಲ್ಲಿ ಕರಗದೆ ಅತಿ ಸೂಕ್ಷ್ಮ ಕಣಗಳಾಗಿ ಹರಡಿಕೊಳ್ಳುವುದರಿಂದ, ತಿಳಿಯಾಗಿದ್ದ ದ್ರಾವಣ ಮೊದಲು ನಸುನೀಲಿ ಛಾಯೆಯಲ್ಲಿ ಮಂಕಾಗಿ, ಆಮೇಲೆ ಹಾಲಿನಂತಾಗಿ, ಕೊನೆಗೆ ತಿಳಿಹಳದಿಗೆ ತಿರುಗುತ್ತದೆ. ಪಾತ್ರೆಯ ಅಡಿಯಲ್ಲಿಟ್ಟ ಚಿಹ್ನೆಯನ್ನು ಮೇಲಿನಿಂದ ನೋಡುತ್ತಿದ್ದರೆ ಅದು ಕ್ರಮೇಣ ಮಸುಕಾಗಿ ಮರೆಯಾಗುವುದು ಸ್ಪಷ್ಟವಾಗಿ ಕಾಣುತ್ತದೆ.

ಥಯೋಸಲ್ಫೇಟ್ ಅಂಗಡಿಯಲ್ಲಿ ಐದು ಅಣು ನೀರನ್ನೊಳಗೊಂಡ ಹರಳುಗಳ ರೂಪದಲ್ಲಿ ಸಿಗುತ್ತದೆ. ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ ಹೈಪೋ ಎಂದು ಕರೆಯುತ್ತಿದ್ದದ್ದು ಇದನ್ನೇ. ಇದರ ಮೋಲಾರ್ ರಾಶಿ ಸುಮಾರು 248 ಗ್ರಾಂ ಆದ್ದರಿಂದ, 12.4 ಗ್ರಾಂ ಹರಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 500 ಮಿಲಿಲೀಟರಿಗೆ ತಂದರೆ 0.1 ಮೋಲಾರ್ ದ್ರಾವಣ ಸಿದ್ಧವಾಗುತ್ತದೆ. ಆಮ್ಲಕ್ಕಾಗಿ, ಮೊದಲೇ ಅರ್ಧದಷ್ಟು ನೀರು ತುಂಬಿಟ್ಟ ಪಾತ್ರೆಗೆ ಸುಮಾರು 22 ಮಿಲಿಲೀಟರ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸುರಿದು, ಒಟ್ಟು 250 ಮಿಲಿಲೀಟರಿಗೆ ನೀರು ಸೇರಿಸಿದರೆ ಹೆಚ್ಚುಕಡಿಮೆ 1 ಮೋಲಾರ್ ಆಮ್ಲ ದೊರೆಯುತ್ತದೆ. ಯಾವಾಗಲೂ ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ಕನ್ನಡಕ ಮತ್ತು ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಇಲ್ಲಿ ದ್ರಾವಣದ ಮೋಲಾರಿಟಿ ದಶಮಾಂಶದ ಕೊನೆಯ ಸ್ಥಾನದವರೆಗೆ ನಿಖರವಾಗಿರಬೇಕಾಗಿಲ್ಲ. ನಾವು ಹೋಲಿಸುವುದು ಒಂದು ಮಿಶ್ರಣವನ್ನು ಇನ್ನೊಂದರೊಡನೆ. ಆದ್ದರಿಂದ ಇಡೀ ಸರಣಿಗೆ ಒಂದೇ ಶೀಸೆಯ ದ್ರಾವಣವನ್ನು ಬಳಸುವುದೇ ಮುಖ್ಯ. ಮಧ್ಯದಲ್ಲಿ ದ್ರಾವಣ ಮುಗಿದು ಹೊಸದನ್ನು ಮಾಡಿಕೊಂಡರೆ ಹಳೆಯ ಓದುಗಳ ಜೊತೆ ಹೊಸದನ್ನು ಸೇರಿಸುವಂತಿಲ್ಲ. ಮೇಲೆ ಹೇಳಿದ ಪ್ರಮಾಣದಲ್ಲಿ ತಯಾರಿಸಿಕೊಂಡರೆ ಸಾರತೆಯ ಸರಣಿಯನ್ನೂ ತಾಪದ ಸರಣಿಯನ್ನೂ ಎರಡೆರಡು ಬಾರಿ ಮಾಡಲು ಸಾಕಾಗುತ್ತದೆ. ಆದರೆ ಥಯೋಸಲ್ಫೇಟಿನಲ್ಲಿ ಚೆಲ್ಲಲು ಮಿಗುವುದಿಲ್ಲ ಎಂಬ ಎಚ್ಚರವಿರಲಿ.

ಸಲ್ಫರ್ ಡೈಆಕ್ಸೈಡ್ ಬಗ್ಗೆ ಸಡಿಲ ಬಿಡಬಾರದು. ಪ್ರಮಾಣ ಕಡಿಮೆಯಾದರೂ ಅದು ಗಂಟಲನ್ನು ಕೆರೆಯುವ ಅನಿಲ. ಆಸ್ತಮಾ ಇರುವವರಿಗೆ ಸ್ವಲ್ಪವೂ ಒಗ್ಗುವುದಿಲ್ಲ. ಕಿಟಕಿಗಳೆಲ್ಲ ತೆರೆದಿರಲಿ, ಪಾತ್ರೆಯ ಬಾಯಿಗೆ ಮುಖವನ್ನು ತೀರಾ ಹತ್ತಿರ ತರಬಾರದು. ಒಂದು ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಪಕ್ಕದಲ್ಲಿಯೇ ಇಟ್ಟುಕೊಂಡು, ಓದು ಮುಗಿದ ಕೂಡಲೇ ಮಿಶ್ರಣವನ್ನು ಅದಕ್ಕೆ ಸುರಿದರೆ ಆಮ್ಲ ತಟಸ್ಥಗೊಂಡು ಕ್ರಿಯೆಯೂ ನಿಲ್ಲುತ್ತದೆ, ಅನಿಲವೂ ಅಡಗುತ್ತದೆ.

ಸಾರತೆಯ ಪ್ರಭಾವ

ಐದು ಓದುಗಳಿಗೆ ಕ್ರಮವಾಗಿ 50, 40, 30, 20 ಮತ್ತು 10 ಮಿಲಿಲೀಟರ್ ಥಯೋಸಲ್ಫೇಟ್ ದ್ರಾವಣವನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಒಟ್ಟು 50 ಮಿಲಿಲೀಟರ್ ಆಗುವಷ್ಟು ನೀರನ್ನು ಸೇರಿಸಬೇಕು. ನೀರು ಸೇರಿಸುವುದಕ್ಕೆ ಎರಡು ಕಾರಣಗಳಿವೆ. ಒಂದು, ಒಟ್ಟು ಘನ ಅಳತೆ ಒಂದೇ ಆಗಿದ್ದರೆ ಸಾರತೆಯು ತೆಗೆದುಕೊಂಡ ಥಯೋಸಲ್ಫೇಟಿನ ಅಳತೆಗೆ ನೇರ ಅನುಪಾತದಲ್ಲಿರುತ್ತದೆ, ಆಮ್ಲದ ಸಾರತೆ ಎಲ್ಲ ಓದುಗಳಲ್ಲಿಯೂ ಸಮಾನವಾಗಿರುತ್ತದೆ. ಇನ್ನೊಂದು, ಸಾಮಾನ್ಯವಾಗಿ ಯಾರೂ ಹೇಳದಿರುವುದು: ದ್ರಾವಣದ ಆಳ ಬದಲಾಗಬಾರದು. ಚಿಹ್ನೆ ಮರೆಯಾಗುವುದು ಅದರ ಮೇಲೆ ನಿಂತ ಗಂಧಕದ ಕಣಗಳ ಒಟ್ಟು ಸಂಖ್ಯೆಯಿಂದ. ಆಳ ಬದಲಾದರೆ ನಾವು ಓದುತ್ತಿರುವ ಗುರುತೇ ಬದಲಾದಂತಾಗುತ್ತದೆ. ಇದೇ ಕಾರಣಕ್ಕೆ ಒಂದು ಓದಿಗೆ 100 ಮಿಲಿಲೀಟರಿನ ಬೀಕರ್, ಇನ್ನೊಂದಕ್ಕೆ 250 ಮಿಲಿಲೀಟರಿನ ಕೋನಿಕಲ್ ಫ್ಲಾಸ್ಕ್ ಬಳಸುವುದು ತಪ್ಪು. ಸಾಧ್ಯವಿದ್ದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಪಾತ್ರೆಯನ್ನು ಬಳಸಿ.

ಥಯೋಸಲ್ಫೇಟಿಗೆ ಒಂದು ಅಳತೆ ಜಾಡಿ, ಆಮ್ಲಕ್ಕೆ ಮತ್ತೊಂದು ಎಂದು ಚೀಟಿ ಅಂಟಿಸಿಟ್ಟುಕೊಳ್ಳಬೇಕು. ಒಂದೇ ಜಾಡಿಯಲ್ಲಿ ಎರಡನ್ನೂ ಅಳೆದರೆ ಗೋಡೆಗೆ ಅಂಟಿದ ಆಮ್ಲದ ಹನಿಗಳಿಂದ ಕ್ರಿಯೆ ಗಡಿಯಾರಕ್ಕಿಂತ ಮೊದಲೇ ಶುರುವಾಗಿರುತ್ತದೆ. ಚಿಹ್ನೆಯ ಮೇಲೆ ಪಾತ್ರೆಯನ್ನಿಟ್ಟು 10 ಮಿಲಿಲೀಟರ್ ಆಮ್ಲವನ್ನು ಒಮ್ಮೆಲೇ ಸುರಿಯಬೇಕು. ಅರ್ಧ ಆಮ್ಲ ಬಿದ್ದ ಹೊತ್ತಿಗೆ ಸ್ಟಾಪ್‌ವಾಚ್ ಒತ್ತಿ, ಪಾತ್ರೆಯನ್ನು ಒಂದೆರಡು ಸುತ್ತು ಮೆಲ್ಲಗೆ ತಿರುಗಿಸಿ, ಮತ್ತೆ ಚಿಹ್ನೆಯ ಮೇಲಿಟ್ಟು ಕದಲಿಸದೆ ಬಿಡಬೇಕು. ನೋಡುವವರು ಒಬ್ಬರೇ ಆಗಿರಲಿ. ಕಣ್ಣಿನಿಂದ ಕಣ್ಣಿಗೆ ವ್ಯತ್ಯಾಸವಿರುವುದರಿಂದ ಒಬ್ಬರು ಮರೆಯಾಯಿತೆಂದ ಚಿಹ್ನೆ ಇನ್ನೊಬ್ಬರಿಗೆ ಇನ್ನೂ ಕಾಣುತ್ತಿರಬಹುದು. ನೋಡುವ ಎತ್ತರ, ಕೊಠಡಿಯ ಬೆಳಕು, ಚಿಹ್ನೆಯ ಗೆರೆಯ ದಪ್ಪ ಇವೆಲ್ಲ ಹಾಗೆಯೇ ಉಳಿಯಬೇಕು. ಸರಣಿಯ ನಡುವೆ ದೀಪ ಹಾಕುವುದು, ಹೊಸ ಚಿಹ್ನೆ ಬರೆಯುವುದು ಬೇಡ. ಪ್ರತಿ ಓದಿನ ನಂತರ ಪಾತ್ರೆಯನ್ನು ತಕ್ಷಣ ಉಜ್ಜಿ ತೊಳೆಯಬೇಕು. ತಡ ಮಾಡಿದರೆ ಗಂಧಕ ಗಾಜಿಗೆ ತೆಳುವಾದ ಪೊರೆಯಂತೆ ಅಂಟಿಕೊಂಡು, ಮುಂದಿನ ಓದಿನಲ್ಲಿ ಚಿಹ್ನೆ ಬೇಗನೆ ಮಸುಕಾದಂತೆ ತೋರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಚಿಹ್ನೆಯನ್ನು ಮರೆಮಾಡಲು ಬೇಕಾದ ಗಂಧಕದ ಪ್ರಮಾಣ ಪ್ರತಿ ಸಲವೂ ಒಂದೇ. ಅಷ್ಟೇ ಪ್ರಮಾಣ ಉತ್ಪತ್ತಿಯಾಗಲು ಹಿಡಿದ ಕಾಲ ಕಡಿಮೆಯಾದಷ್ಟೂ ವೇಗ ಹೆಚ್ಚು, ಹೀಗಾಗಿ ಕಾಲದ ವ್ಯುತ್ಕ್ರಮವೇ ವೇಗದ ಅಳತೆಯಾಗುತ್ತದೆ. ಒಂದು ಮಿಶ್ರಣಕ್ಕೆ 40 ಸೆಕೆಂಡು ಹಿಡಿಯಿತೆಂದುಕೊಳ್ಳಿ, ಆಗ ವೇಗ 1 ಭಾಗಿಸು 40, ಅಂದರೆ 0.025, 80 ಸೆಕೆಂಡು ಹಿಡಿದರೆ 0.0125. ಕಾಲವನ್ನೇ ವೇಗವೆಂದು ಬರೆದು, ಸಾರತೆ ಹೆಚ್ಚಿದಂತೆ ಬೆಲೆ ಇಳಿಯುತ್ತದೆ ಎಂದು ಗೊಂದಲಪಡುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ.

ಗ್ರಾಫ್ ಹಾಳೆಯ ಅಡ್ಡ ಅಕ್ಷದಲ್ಲಿ ಥಯೋಸಲ್ಫೇಟಿನ ಅಳತೆಯನ್ನೂ ಲಂಬ ಅಕ್ಷದಲ್ಲಿ ಕಾಲದ ವ್ಯುತ್ಕ್ರಮವನ್ನೂ ಗುರುತಿಸಿದರೆ ಬಿಂದುಗಳು ಮೂಲಬಿಂದುವಿನ ಮೂಲಕ ಹಾಯುವ ಸರಳರೇಖೆಯ ಮೇಲೆ ಹೆಚ್ಚುಕಡಿಮೆ ಕೂರುತ್ತವೆ. ಸಾರತೆ ಇಮ್ಮಡಿಯಾದರೆ ವೇಗವೂ ಇಮ್ಮಡಿ ಎಂದೇ ಅದರ ಅರ್ಥ. ಥಯೋಸಲ್ಫೇಟಿನ ಮಟ್ಟಿಗೆ ಇದು ಪ್ರಥಮ ದರ್ಜೆಯ ಕ್ರಿಯೆ. 10 ಮಿಲಿಲೀಟರಿನ ಬಿಂದು ಮಾತ್ರ ರೇಖೆಯಿಂದ ತುಸು ಕೆಳಗೆ ಇಳಿಯುವುದುಂಟು. ಅದನ್ನು ಕೈತಪ್ಪು ಎಂದು ಅಳಿಸಿಹಾಕಬಾರದು. ಚಿಹ್ನೆ ಮರೆಯಾಗಲು ಬೇಕಾದ ಗಂಧಕ ಎಲ್ಲ ಓದುಗಳಲ್ಲಿಯೂ ಒಂದೇ ಪ್ರಮಾಣದ್ದಾದರೂ, ಥಯೋಸಲ್ಫೇಟ್ ಕಡಿಮೆಯಿರುವ ಮಿಶ್ರಣದಲ್ಲಿ ಆ ಗಂಧಕವನ್ನು ಕೊಡುವಷ್ಟರಲ್ಲಿ ಇದ್ದದ್ದರ ದೊಡ್ಡ ಪಾಲೇ ಖರ್ಚಾಗಿರುತ್ತದೆ. ಆದ್ದರಿಂದ ಅಲ್ಲಿ ನಾವು ಅಳೆದದ್ದು ಆರಂಭದ ವೇಗವಾಗಿರದೆ, ಕುಗ್ಗುತ್ತ ಬಂದ ವೇಗದ ಸರಾಸರಿ ಆಗಿರುತ್ತದೆ. ಈ ಕಾರಣವನ್ನು ದಾಖಲೆ ಪುಸ್ತಕದಲ್ಲಿ ಒಂದು ವಾಕ್ಯದಲ್ಲಿ ಬರೆದ ವಿದ್ಯಾರ್ಥಿಯ ತಿಳಿವಳಿಕೆಯನ್ನು, ರೇಖೆಗೆ ಸರಿಹೊಂದುವಂತೆ ಬಿಂದುವನ್ನು ತಿದ್ದಿದವನ ತಿಳಿವಳಿಕೆಗಿಂತ ನಾನು ಎಷ್ಟೋ ಪಾಲು ಮೇಲೆಂದು ಎಣಿಸುತ್ತೇನೆ.

ಸಾರತೆ ಹೆಚ್ಚಿದರೆ ವೇಗ ಯಾವಾಗಲೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ಈ ಒಂದು ಕ್ರಿಯೆಯಿಂದ ತೀರ್ಮಾನಿಸುವಂತಿಲ್ಲ. ಕಾದ ಪ್ಲಾಟಿನಂ ಮೇಲ್ಮೈಯಲ್ಲಿ ಹೆಚ್ಚಿನ ಒತ್ತಡದ ಅಮೋನಿಯಾ ವಿಭಜನೆಗೊಳ್ಳುವಾಗ, ಮೇಲ್ಮೈಯೆಲ್ಲ ಆಗಲೇ ಭರ್ತಿಯಾಗಿರುವುದರಿಂದ ಇನ್ನಷ್ಟು ಅಮೋನಿಯಾ ತುಂಬಿದರೂ ವೇಗ ಏರುವುದಿಲ್ಲ. ದರ್ಜೆಯನ್ನು ಸಮೀಕರಣ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು. ಅನಿಲಗಳಲ್ಲಿ ಒತ್ತಡ ಹೆಚ್ಚಿಸುವುದೆಂದರೆ ಸಾರತೆ ಹೆಚ್ಚಿಸಿದಂತೆಯೇ ಆದ್ದರಿಂದ ಅದನ್ನು ಬೇರೆ ಅಂಶವಾಗಿ ಎಣಿಸಬೇಕಾಗಿಲ್ಲ.

ತಾಪದ ಪ್ರಭಾವ

ಈ ಸರಣಿಗೆ 20 ಮಿಲಿಲೀಟರ್ ಥಯೋಸಲ್ಫೇಟ್, 30 ಮಿಲಿಲೀಟರ್ ನೀರು ಮತ್ತು 10 ಮಿಲಿಲೀಟರ್ ಆಮ್ಲದ ಮಿಶ್ರಣವನ್ನು ಸ್ಥಿರವಾಗಿಟ್ಟುಕೊಳ್ಳಿ. ಪೂರ್ಣ ಸಾರತೆಯ ದ್ರಾವಣವನ್ನು ಬಳಸದಿರಲು ಕಾರಣವಿದೆ. ಚಿಹ್ನೆ ಮರೆಯಾದ ಕ್ಷಣವನ್ನು ನಿರ್ಧರಿಸುವಲ್ಲಿ ಒಂದೆರಡು ಸೆಕೆಂಡಿನ ಅನಿಶ್ಚಿತತೆ ಇದ್ದೇ ಇರುತ್ತದೆ. ಕ್ರಿಯೆ 100 ಸೆಕೆಂಡು ನಡೆದರೆ ಅದು ಶೇಕಡಾ 1ರಿಂದ 2ರಷ್ಟು ದೋಷ. 10 ಸೆಕೆಂಡಿನಲ್ಲಿಯೇ ಮುಗಿದರೆ ಶೇಕಡಾ 10ರಿಂದ 20ರಷ್ಟು. ತಾಪ ಏರಿದಂತೆ ಕಾಲ ಕುಗ್ಗುವುದರಿಂದ ಆರಂಭದ ಓದು ದೀರ್ಘವಾಗಿರುವುದು ಒಳ್ಳೆಯದು.

ಕೋಣೆಯ ತಾಪದಿಂದ ಆರಂಭಿಸಿ, ಸುಮಾರು ಐದರಿಂದ ಎಂಟು ಡಿಗ್ರಿಗೊಂದರಂತೆ ಐದು ಓದುಗಳನ್ನು ತೆಗೆದುಕೊಳ್ಳಬಹುದು. 55 ಡಿಗ್ರಿ ಸೆಲ್ಸಿಯಸ್ ದಾಟುವುದು ಬೇಡ. ಅದರಾಚೆ ಅನಿಲ ಹೊರಬರುವುದೂ ಹೆಚ್ಚು, ಕಾಲವೂ ತೀರಾ ಚಿಕ್ಕದು. ನೇರವಾಗಿ ಬರ್ನರ್ ಮೇಲಿಟ್ಟು ಕಾಯಿಸುವುದಕ್ಕಿಂತ ಅಗಲ ಪಾತ್ರೆಯ ಬಿಸಿನೀರಿನಲ್ಲಿ ಫ್ಲಾಸ್ಕನ್ನು ಇಳಿಸಿಟ್ಟು ಕಾಯಿಸುವುದು ಮೇಲು. ಕಾಯಿಸುವುದು ಮಿಶ್ರಣವನ್ನಲ್ಲ, ಥಯೋಸಲ್ಫೇಟನ್ನು. ಆಮ್ಲವನ್ನೂ ಬೇರೆ ಪ್ರನಾಳದಲ್ಲಿ ಅದೇ ಬಿಸಿನೀರಿನಲ್ಲಿ ನಿಲ್ಲಿಸಿ ಅದೇ ತಾಪಕ್ಕೆ ತಂದುಕೊಳ್ಳಬೇಕು. ಹಾಗೆ ಮಾಡದಿದ್ದರೆ ಆಗುವುದನ್ನು ಲೆಕ್ಕ ಹಾಕಿ ನೋಡಿ: 50 ಡಿಗ್ರಿಯಲ್ಲಿರುವ 50 ಮಿಲಿಲೀಟರ್ ದ್ರಾವಣಕ್ಕೆ 28 ಡಿಗ್ರಿಯ 10 ಮಿಲಿಲೀಟರ್ ಆಮ್ಲ ಬಿದ್ದರೆ ಮಿಶ್ರಣ 46 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಪುಸ್ತಕದಲ್ಲಿ 50 ಎಂದು ಬರೆದದ್ದು, ಕ್ರಿಯೆ ನಡೆದದ್ದು 46ರಲ್ಲಿ. ಆದ್ದರಿಂದ ತಾಪವನ್ನು ಬೆರೆಸಿದ ಕೂಡಲೇ ಒಮ್ಮೆ, ಚಿಹ್ನೆ ಮರೆಯಾದಾಗ ಮತ್ತೊಮ್ಮೆ ಓದಿ, ಸರಾಸರಿಯನ್ನು ಬರೆದುಕೊಳ್ಳಬೇಕು.

ಉಷ್ಣಮಾಪಕ ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ಪರೀಕ್ಷಿಸುವವರಿಗೆ ಒಂದು ಮಾತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ, ಮಂಗಳೂರಿನಲ್ಲಿ ಹೆಚ್ಚುಕಡಿಮೆ 100ರಲ್ಲಿ. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ 97 ತೋರಿಸಿದ ಉಷ್ಣಮಾಪಕ ಸರಿಯಾದದ್ದೇ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಎತ್ತರದ ಊರುಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದಕ್ಕೂ, ಒಳಗಿನ ನೀರನ್ನು 120 ಡಿಗ್ರಿಯ ಸಮೀಪಕ್ಕೆ ಕೊಂಡೊಯ್ಯುವ ಪ್ರೆಷರ್ ಕುಕ್ಕರಿನಲ್ಲಿ ಬೇಗ ಬೇಯುವುದಕ್ಕೂ ತಾಪವೇ ಕಾರಣ.

ಓದುಗಳು ಕೈಗೆ ಬಂದಾಗ, ಪ್ರತಿ ಹತ್ತು ಡಿಗ್ರಿಗೆ ಕಾಲ ಸುಮಾರು ಅರ್ಧಕ್ಕೆ ಇಳಿದಿರುವುದು ಕಾಣುತ್ತದೆ. ಹತ್ತು ಡಿಗ್ರಿಗೆ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮವನ್ನು ನೆದರ್ಲೆಂಡ್ಸ್‌ನ ವ್ಯಾಂಟ್ ಹಾಫ್ ಅವರ ಹೆಸರಿನಿಂದ ಕರೆಯುತ್ತಾರೆ. ಅದು ಅನೇಕ ಕ್ರಿಯೆಗಳಿಗೆ ಹೊಂದುವ ಅಂದಾಜು, ಎಲ್ಲವನ್ನೂ ಬಂಧಿಸುವ ಸೂತ್ರವಲ್ಲ. ಏಕೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಮೌಖಿಕ ಪರೀಕ್ಷೆಯಲ್ಲಿ ಬರುವ ಸಾಮಾನ್ಯ ಉತ್ತರ, ತಾಪ ಹೆಚ್ಚಿದರೆ ಅಣುಗಳು ವೇಗವಾಗಿ ಚಲಿಸಿ ಹೆಚ್ಚು ಬಾರಿ ಡಿಕ್ಕಿ ಹೊಡೆಯುತ್ತವೆ ಎಂಬುದು. ಈ ಉತ್ತರ ಎಷ್ಟು ಸಾಲದು ಎಂಬುದನ್ನು ಸಂಖ್ಯೆಗಳೇ ಹೇಳುತ್ತವೆ. ಅಣುಗಳ ಸರಾಸರಿ ವೇಗ ಕೆಲ್ವಿನ್ ತಾಪದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 300 ಕೆಲ್ವಿನ್‌ನಿಂದ 310ಕ್ಕೆ ಹೋದರೆ ಅದು ಶೇಕಡಾ 1.6ರಷ್ಟು ಮಾತ್ರ ಹೆಚ್ಚುತ್ತದೆ. ಡಿಕ್ಕಿಗಳ ಸಂಖ್ಯೆಯೂ ಅಷ್ಟರಲ್ಲೇ ಏರುತ್ತದೆ. ಶೇಕಡಾ 2ಕ್ಕಿಂತ ಕಡಿಮೆಯ ಏರಿಕೆಯಿಂದ ವೇಗ ಶೇಕಡಾ 100ರಷ್ಟು ಹೆಚ್ಚಲಾರದು.

ನಿಜವಾದ ಕಾರಣ ಡಿಕ್ಕಿಗಳ ಗುಣದಲ್ಲಿದೆ. ಎರಡು ಅಣುಗಳು ತಾಗಿದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ. ಹಳೆಯ ಬಂಧಗಳು ಸಡಿಲಗೊಳ್ಳಲು ಒಂದು ಕನಿಷ್ಠ ಶಕ್ತಿ ಬೇಕು. ಅದನ್ನು ಸಕ್ರಿಯಣ ಶಕ್ತಿ ಎನ್ನುತ್ತೇವೆ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಈ ವಿಚಾರವನ್ನು ಸಮೀಕರಣದ ರೂಪದಲ್ಲಿ ಬೆಳೆಸಿದರು. ಸಕ್ರಿಯಣ ಶಕ್ತಿ ಮೋಲಿಗೆ 53.6 ಕಿಲೋಜೌಲ್ ಇರುವ ಒಂದು ಕ್ರಿಯೆಯನ್ನು ತೆಗೆದುಕೊಂಡರೆ, ಆ ಸಮೀಕರಣದ ಘಾತಾಂಕ ಪದದ ಪ್ರಕಾರ 300 ಕೆಲ್ವಿನ್‌ನಲ್ಲಿ ಸುಮಾರು 215 ಕೋಟಿ ಡಿಕ್ಕಿಗಳಲ್ಲಿ ಒಂದಕ್ಕೆ ಮಾತ್ರ ಅಗತ್ಯ ಶಕ್ತಿ ಇರುತ್ತದೆ. 310 ಕೆಲ್ವಿನ್‌ನಲ್ಲಿ ಸುಮಾರು 108 ಕೋಟಿಯಲ್ಲಿ ಒಂದಕ್ಕೆ. ಡಿಕ್ಕಿಗಳ ಒಟ್ಟು ಎಣಿಕೆ ಬಹುತೇಕ ಅಷ್ಟೇ ಇದ್ದರೂ ಫಲ ಕೊಡುವ ಡಿಕ್ಕಿಗಳ ಪಾಲು ಇಮ್ಮಡಿಯಾಯಿತು. ವೇಗ ಇಮ್ಮಡಿಯಾದದ್ದು ಇದರಿಂದ. ಈ ಅಧ್ಯಾಯದಲ್ಲಿ ವಿದ್ಯಾರ್ಥಿ ಒಂದೇ ಒಂದು ವಿಷಯವನ್ನು ಮನದಟ್ಟು ಮಾಡಿಕೊಳ್ಳಬೇಕೆಂದರೆ ಅದು ಇದೇ ಆಗಿರಲಿ ಎಂಬುದು ನನ್ನ ಆಸೆ.

ನಿಮ್ಮದೇ ಓದುಗಳಿಂದ ಸಕ್ರಿಯಣ ಶಕ್ತಿಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ತಾಪಕ್ಕೆ 273 ಕೂಡಿಸಿ ಕೆಲ್ವಿನ್ ಮಾಡಿಕೊಂಡು, ಅದರ ವ್ಯುತ್ಕ್ರಮವನ್ನು ಅಡ್ಡ ಅಕ್ಷದಲ್ಲಿಯೂ, ವೇಗದ ಲಾಗರಿದಮ್ ಬೆಲೆಯನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿದರೆ ಕೆಳಮುಖವಾಗಿ ಇಳಿಯುವ ಸರಳರೇಖೆ ಸಿಗುತ್ತದೆ. ಹತ್ತರ ಆಧಾರದ ಲಾಗರಿದಮ್ ಬಳಸಿದ್ದರೆ ರೇಖೆಯ ಇಳಿಜಾರನ್ನು 2.303 ಮತ್ತು 8.314ರಿಂದ ಗುಣಿಸಿ, ಋಣ ಚಿಹ್ನೆಯನ್ನು ಬಿಟ್ಟರೆ ಸಕ್ರಿಯಣ ಶಕ್ತಿ ಜೌಲ್‌ಗಳಲ್ಲಿ ದೊರೆಯುತ್ತದೆ. ಎರಡೇ ಓದುಗಳಿಂದಲೂ ಅಂದಾಜು ಮಾಡಬಹುದು: 30 ಡಿಗ್ರಿಯಲ್ಲಿ 60 ಸೆಕೆಂಡು, 40 ಡಿಗ್ರಿಯಲ್ಲಿ 30 ಸೆಕೆಂಡು ಹಿಡಿದಿದೆ ಎಂದಾದರೆ ಉತ್ತರ ಮೋಲಿಗೆ ಸುಮಾರು 55 ಕಿಲೋಜೌಲ್. ಆದರೂ ಐದು ಬಿಂದುಗಳ ರೇಖೆಯನ್ನೇ ನಂಬುವುದು ಲೇಸು, ಏಕೆಂದರೆ ಎರಡು ಬಿಂದುಗಳ ನಡುವೆ ರೇಖೆ ಎಳೆದರೆ ಅವುಗಳಲ್ಲಿನ ದೋಷ ಅಡಗಿಕೊಂಡುಬಿಡುತ್ತದೆ.

ಮೇಲ್ಮೈ ವಿಸ್ತೀರ್ಣ

ಘನವಸ್ತುವಿನೊಡನೆ ನಡೆಯುವ ಕ್ರಿಯೆಯಲ್ಲಿ ಹೊರಮೈಯ ಕಣಗಳಷ್ಟೇ ಪಾಲ್ಗೊಳ್ಳಬಲ್ಲವು. 1 ಸೆಂಟಿಮೀಟರ್ ಅಂಚಿನ ಘನಾಕೃತಿಯ ಮೇಲ್ಮೈ 6 ಚದರ ಸೆಂಟಿಮೀಟರ್; ಅದನ್ನೇ 1 ಮಿಲಿಮೀಟರ್ ಅಂಚಿನ ಸಾವಿರ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್.

ಪರೀಕ್ಷಿಸಲು ಅಮೃತಶಿಲೆಯ ಚೂರುಗಳು ಉತ್ತಮ. ಟೈಲ್ಸ್ ಅಂಗಡಿಯಿಂದ ತರುವುದಾದರೆ ಗ್ರಾನೈಟ್ ತುಣುಕನ್ನು ತರಬಾರದು, ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದಿಲ್ಲ. ಆಮ್ಲದ ಒಂದು ಹನಿ ಬಿಟ್ಟಾಗ ಗುಳ್ಳೆ ಎದ್ದರೆ ಮಾತ್ರ ಅಮೃತಶಿಲೆ. ತರಗತಿಯ ಸೀಮೆಸುಣ್ಣವೂ ನಂಬಲರ್ಹವಲ್ಲ, ನಮ್ಮಲ್ಲಿ ಅದನ್ನು ಹೆಚ್ಚಾಗಿ ಕ್ಯಾಲ್ಸಿಯಂ ಸಲ್ಫೇಟಿನಿಂದ ಮಾಡುತ್ತಾರೆ. ಸಲ್ಫ್ಯೂರಿಕ್ ಆಮ್ಲವನ್ನು ಬಳಸಿದರೆ ಉಂಟಾಗುವ ಕ್ಯಾಲ್ಸಿಯಂ ಸಲ್ಫೇಟ್ ಚೂರಿನ ಮೈಗೆ ಕವಚದಂತೆ ಕೂತು ಕ್ರಿಯೆಯನ್ನೇ ತಡೆಯುವುದರಿಂದ ಹೈಡ್ರೋಕ್ಲೋರಿಕ್ ಆಮ್ಲವೇ ಬೇಕು.

2 ಗ್ರಾಂ ದಪ್ಪ ಚೂರುಗಳು ಒಂದು ಸಲ, 2 ಗ್ರಾಂ ಒರಟಾಗಿ ಕುಟ್ಟಿದ ಪುಡಿ ಮತ್ತೊಂದು ಸಲ, ಎರಡಕ್ಕೂ 1 ಮೋಲಾರ್ ಆಮ್ಲ 50 ಮಿಲಿಲೀಟರ್ ತೆಗೆದುಕೊಳ್ಳಿ. ಫ್ಲಾಸ್ಕನ್ನು 0.01 ಗ್ರಾಂವರೆಗೆ ಓದುವ ತಕ್ಕಡಿಯ ಮೇಲಿಟ್ಟು, ಆಮ್ಲದ ತುಂತುರು ಹೊರಗೆ ಸಿಡಿಯದಂತೆ ಬಾಯಿಗೆ ಹತ್ತಿಯನ್ನು ಸಡಿಲವಾಗಿ ಇಟ್ಟು, ಪ್ರತಿ 30 ಸೆಕೆಂಡಿಗೊಮ್ಮೆ ತೂಕವನ್ನು ಬರೆದುಕೊಳ್ಳಬೇಕು. ಪುಡಿಯನ್ನು ಹಾಕುವಾಗ ನೊರೆ ಉಕ್ಕಿ ಬರಬಹುದಾದ್ದರಿಂದ ಅಗಲವಾದ ಫ್ಲಾಸ್ಕ್ ಇರಲಿ. ಹೊರಹೋದ ಕಾರ್ಬನ್ ಡೈಆಕ್ಸೈಡಿನ ತೂಕವನ್ನು ಕಾಲಕ್ಕೆ ಎದುರಾಗಿ ಗುರುತಿಸಿದರೆ ಪುಡಿಯ ವಕ್ರರೇಖೆ ಕಡಿದಾಗಿ ಏರಿ ಬೇಗ ಮಟ್ಟಸವಾಗುತ್ತದೆ, ಚೂರುಗಳದ್ದು ನಿಧಾನವಾಗಿ ಏರುತ್ತದೆ. ಆದರೆ ಶುದ್ಧ ಅಮೃತಶಿಲೆಯಾಗಿದ್ದರೆ ಎರಡೂ ಕೊನೆಗೆ ನಿಲ್ಲುವುದು 0.88 ಗ್ರಾಂ ಸಮೀಪದಲ್ಲಿಯೇ. ಪುಡಿ ಮಾಡಿದ್ದರಿಂದ ಅನಿಲ ಬೇಗ ಬಂತು, ಹೆಚ್ಚು ಬರಲಿಲ್ಲ. ವೇಗ ಮತ್ತು ಉತ್ಪತ್ತಿ ಎರಡು ಬೇರೆ ಬೇರೆ ಸಂಗತಿಗಳು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗ್ರಾಫ್ ಮತ್ತೊಂದಿಲ್ಲ.

ಕ್ರಿಯಾವರ್ಧಕ

ಔಷಧದ ಅಂಗಡಿಯಲ್ಲಿ ಸಿಗುವ 20 ವಾಲ್ಯೂಮ್ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇಕಡಾ 6ರ ದ್ರಾವಣ. ಅದನ್ನು ಅಷ್ಟೇ ನೀರಿನೊಡನೆ ಬೆರೆಸಿ ಬಳಸುವುದು ಸುರಕ್ಷಿತ. ತಾನಾಗಿಯೇ ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು ಎಷ್ಟು ನಿಧಾನವೆಂದರೆ ಪ್ರನಾಳದಲ್ಲಿ ಗುಳ್ಳೆಯೇ ಕಾಣುವುದಿಲ್ಲ. ಬೆಳಕು ಅದರ ವಿಭಜನೆಗೆ ಇಂಬು ಕೊಡುವುದರಿಂದಲೇ ಅದನ್ನು ಬೆಳಕು ತೂರದ ಬಾಟಲಿಯಲ್ಲಿ ಇಡುತ್ತಾರೆ. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಬಿದ್ದ ಕೂಡಲೇ ದ್ರಾವಣ ಭೋರ್ಗರೆಯುತ್ತದೆ, ಬಾಯಿಯ ಬಳಿ ಹಿಡಿದ ಕೆಂಡದ ಊದಿನಕಡ್ಡಿ ಜ್ವಾಲೆಯಾಗಿ ಹೊತ್ತಿಕೊಳ್ಳುತ್ತದೆ.

ಕ್ರಿಯಾವರ್ಧಕ ಖರ್ಚಾಗುವುದಿಲ್ಲ ಎಂಬುದನ್ನು ಬಾಯಿಪಾಠ ಮಾಡುವ ಬದಲು ತೂಗಿ ನೋಡಬಹುದು. ಅರ್ಧ ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡನ್ನು ಬಳಸಿ, ಗುಳ್ಳೆಗಳು ಪೂರ್ತಿ ನಿಂತ ಮೇಲೆ, ಮೊದಲೇ ತೂಕ ಬರೆದಿಟ್ಟ ಸೋಸುಕಾಗದದ ಮೂಲಕ ಸೋಸಿ, ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೆ ತೂಗಿದರೆ ಅದೇ ಅರ್ಧ ಗ್ರಾಂ ಉಳಿದಿರುತ್ತದೆ. ಸ್ವಲ್ಪ ಹೆಚ್ಚು ಬಂದರೆ ಕಾಗದ ಇನ್ನೂ ಒಣಗಿಲ್ಲ, ಕಡಿಮೆ ಬಂದರೆ ಪುಡಿ ಪಾತ್ರೆಯ ಗೋಡೆಗೆ ಉಳಿದಿದೆ ಎಂದು ತಿಳಿಯಬೇಕು. ಕ್ರಿಯಾವರ್ಧಕವು ಅಣುಗಳಿಗೆ ಶಕ್ತಿ ತುಂಬುವುದಿಲ್ಲ. ಕಡಿಮೆ ಸಕ್ರಿಯಣ ಶಕ್ತಿ ಸಾಕಾಗುವ ಬೇರೊಂದು ದಾರಿಯನ್ನು ಕ್ರಿಯೆಗೆ ಒದಗಿಸುತ್ತದೆ. ಪೆರಾಕ್ಸೈಡ್ ತಾನಾಗಿ ಒಡೆಯಲು ಮೋಲಿಗೆ ಸುಮಾರು 75 ಕಿಲೋಜೌಲ್ ಬೇಕಾಗುತ್ತದೆ. ಕ್ರಿಯಾವರ್ಧಕದ ದಾರಿಯಲ್ಲಿ ಅದಕ್ಕಿಂತ ಬಹಳ ಕಡಿಮೆ.

ಹಸಿ ಆಲೂಗಡ್ಡೆಯ ತುರಿಯಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವವೂ ಇದೇ ಕೆಲಸವನ್ನು ಮಾಡುತ್ತದೆ. ಅಳತೆ ಜಾಡಿಯಲ್ಲಿ ಪೆರಾಕ್ಸೈಡಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ ತುರಿಯನ್ನು ಹಾಕಿದರೆ, ಒಂದು ನಿಮಿಷದಲ್ಲಿ ನೊರೆ ಏರಿದ ಎತ್ತರವನ್ನು ಜಾಡಿಯ ಗೆರೆಗಳಿಂದಲೇ ಓದಬಹುದು. ಬೇಯಿಸಿದ ಆಲೂಗಡ್ಡೆಯಿಂದ ನೊರೆ ಏಳುವುದಿಲ್ಲ. ತಾಪ ಏರಿದಷ್ಟೂ ವೇಗ ಏರುತ್ತದೆ ಎಂಬ ಹಿಂದಿನ ತೀರ್ಮಾನ ಕಿಣ್ವಗಳಲ್ಲಿ ಒಂದು ಮಿತಿಯವರೆಗೆ ಮಾತ್ರ ನಿಲ್ಲುತ್ತದೆ, ಅದರಾಚೆ ಪ್ರೋಟೀನಿನ ರಚನೆಯೇ ಕೆಡುತ್ತದೆ.

ಪ್ರತಿವರ್ತಕಗಳ ಸ್ವಭಾವ

ಈ ಅಂಶವನ್ನು ಬೇರೆ ಪ್ರಯೋಗವಿಲ್ಲದೆ, ಎಲ್ಲರೂ ಮಾಡುವ ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್‌ನಲ್ಲಿಯೇ ನೋಡಬಹುದು. ಮೋರ್ ಲವಣದ (ಫೆರಸ್ ಅಮೋನಿಯಂ ಸಲ್ಫೇಟ್) ದ್ರಾವಣಕ್ಕೆ ಪರ್ಮಾಂಗನೇಟ್ ಬಿಟ್ಟಾಗ ಕೋಣೆಯ ತಾಪದಲ್ಲಿಯೇ ನೇರಳೆ ಬಣ್ಣ ತಟ್ಟನೆ ಮಾಯವಾಗುತ್ತದೆ. ಅಲ್ಲಿ ಫೆರಸ್ ಅಯಾನು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟರೆ ಸಾಕು. ಆಕ್ಸಾಲಿಕ್ ಆಮ್ಲದಲ್ಲಿ ಎರಡು ಕಾರ್ಬನ್ ಪರಮಾಣುಗಳ ನಡುವಿನ ಬಂಧವೇ ಮುರಿಯಬೇಕಾದ್ದರಿಂದ ಅದೇ ಪರ್ಮಾಂಗನೇಟ್ ತಣ್ಣಗಿನ ದ್ರಾವಣದಲ್ಲಿ ಬಹಳ ಹೊತ್ತು ಬಣ್ಣ ಉಳಿಸಿಕೊಳ್ಳುತ್ತದೆ. ಸಲ್ಫ್ಯೂರಿಕ್ ಆಮ್ಲ ಬೆರೆಸಿ 60ರಿಂದ 70 ಡಿಗ್ರಿಗೆ ಕಾಯಿಸಲು ಹೇಳುವುದು ಇದಕ್ಕಾಗಿ.

ಕಾಯಿಸಿದ ಮೇಲೂ ಮೊದಲ ಹನಿಯ ಬಣ್ಣ ಹೋಗಲು ಕೆಲವು ಸೆಕೆಂಡು ಹಿಡಿಯುತ್ತದೆ, ಆಮೇಲೆ ಬೀಳುವ ಹನಿಗಳ ಬಣ್ಣ ಬಿದ್ದಂತೆಯೇ ಹೋಗುತ್ತದೆ. ಕ್ರಿಯೆಯಿಂದ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಗೆ ಕ್ರಿಯಾವರ್ಧಕವಾಗುತ್ತವೆ; ಇದಕ್ಕೆ ಸ್ವಯಂ ಕ್ರಿಯಾವರ್ಧನೆ ಎಂದು ಹೆಸರು. ಬೇಕಿದ್ದರೆ ಇನ್ನೊಂದು ಫ್ಲಾಸ್ಕಿಗೆ ಮೊದಲೇ ಒಂದೆರಡು ಹರಳು ಮ್ಯಾಂಗನೀಸ್ ಸಲ್ಫೇಟ್ ಹಾಕಿ ನೋಡಿ, ಮೊದಲ ಹನಿಯೂ ತಡಮಾಡದೆ ಬಣ್ಣ ಕಳೆದುಕೊಳ್ಳುತ್ತದೆ. ಹರಳು ಹಾಕದ ಫ್ಲಾಸ್ಕಿನಲ್ಲಿ, ಮೊದಲ ಹನಿಯ ಬಣ್ಣ ಪೂರ್ತಿ ಹೋಗುವವರೆಗೆ ಬ್ಯುರೆಟ್ಟಿನ ತಿರುಪನ್ನು ಮುಚ್ಚಿಟ್ಟು ಫ್ಲಾಸ್ಕನ್ನು ತಿರುಗಿಸುತ್ತಿರಬೇಕು. ಆತುರಪಟ್ಟು ಒಂದರ ಹಿಂದೊಂದು ಹನಿ ಬಿಟ್ಟರೆ ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಬಣ್ಣ ಕಾಣಿಸಿಕೊಳ್ಳಬಹುದು. ಹಾಗಾದರೆ ಆ ಓದನ್ನು ಬಿಟ್ಟು ಹೊಸ ದ್ರಾವಣವನ್ನು ಪಿಪೆಟ್ ಮಾಡಿ ಮತ್ತೆ ಆರಂಭಿಸಬೇಕು.